ಹಬ್ಬವನ್ನು ಮರೆಯದ ಊರು



ಕ್ರಿಸ್ತಜಯಂತಿ ಹತ್ತಿರವಾಗುತ್ತಿದ್ದಂತೆ ನಮ್ಮ ಧರ್ಮಕೇಂದ್ರಗಳ ಕೆಲವು ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: “ಸ್ವಾಮಿ, ಈ ವರ್ಷ ನಮಗೆ ಹಬ್ಬ ಇಲ್ಲ.” ಆ ಮನೆಯಲ್ಲಿ ಸಾವಾಗಿರುತ್ತದೆ, ಇಲ್ಲವೇ ವಾಸಿಯಾಗದ ಕಾಯಿಲೆ, ತೀರಿಸಲಾಗದ ಸಾಲ. ನಕ್ಷತ್ರ ಕಟ್ಟುವುದಿಲ್ಲ, ಗೋದಲಿ ಮಾಡುವುದಿಲ್ಲ, ಒಲೆಯ ಮೇಲೆ ಕಜ್ಜಾಯದ ಬಾಣಲೆ ಏರುವುದಿಲ್ಲ. ಆ ದುಃಖವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ದೇವದೂತನು ಬೆತ್ಲೆಹೇಮಿನ ಕುರುಬರಿಗೆ ತಂದ ಸಂತೋಷದ ವಾರ್ತೆ ಸುಖವಾಗಿರುವ ಮನೆಗಳಿಗೆ ಮಾತ್ರ ಸೇರಿದ್ದೇ? ಈ ಪ್ರಶ್ನೆಗೆ ಜಪಾನ್ ದೇಶದ ನಾಗಸಾಕಿಯ ಬಳಿಯ ಉರಾಕಾಮಿ ಎಂಬ ಊರಿನ ಚರಿತ್ರೆ ಉತ್ತರ ಕೊಡುತ್ತದೆ.

ಗೋವೆಯಲ್ಲಿ ಇಂದಿಗೂ ಯಾರ ಪವಿತ್ರ ಶರೀರಕ್ಕೆ ನಾವು ಗೌರವ ಸಲ್ಲಿಸುತ್ತೇವೆಯೋ ಆ ಸಂತ ಫ್ರಾನ್ಸಿಸ್ ಕ್ಸೇವಿಯರರೇ 1549ರ ಆಗಸ್ಟ್ 15ರಂದು ಜಪಾನಿಗೆ ಕಾಲಿಟ್ಟು ಶುಭಸಂದೇಶ ಸಾರಿದರು. ವಿಶ್ವಾಸ ಬೇಗ ಹಬ್ಬಿತು. ಹಿಂಸೆಯೂ ಬೇಗ ಬಂತು. 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಜಾಕಾ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲಿ ಒಬ್ಬರು ಮುಂಬಯಿ ಸಮೀಪದ ವಸಾಯಿಯಲ್ಲಿ ಹುಟ್ಟಿದ, ಫ್ರಾನ್ಸಿಸ್ಕನ್ ಸಭೆಯ ಸಹೋದರ ಸಂತ ಗೊನ್ಸಾಲೊ ಗಾರ್ಸಿಯಾ. 1614ರಲ್ಲಿ ಕ್ರೈಸ್ತಧರ್ಮವನ್ನೇ ದೇಶದಾದ್ಯಂತ ನಿಷೇಧಿಸಲಾಯಿತು. ದೇವಾಲಯಗಳು ನೆಲಸಮವಾದವು. 17ನೇ ಶತಮಾನದ ನಡುಗಾಲ ದಾಟುವಷ್ಟರಲ್ಲಿ ಆ ವಿಶ್ವಾಸಿಗಳ ನಡುವೆ ಒಬ್ಬ ಗುರುವೂ ಉಳಿಯಲಿಲ್ಲ.

ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ, ಪರಮಪ್ರಸಾದವಿಲ್ಲ. ಕ್ರೈಸ್ತರನ್ನು ಹಿಡಿದುಕೊಟ್ಟವರಿಗೆ ಬಹುಮಾನ. ಯೇಸುಸ್ವಾಮಿಯ ಅಥವಾ ಮರಿಯಮ್ಮನವರ ಚಿತ್ರವನ್ನು ನೆಲದಲ್ಲಿಟ್ಟು ತುಳಿಯುವಂತೆ ಅಧಿಕಾರಿಗಳು ವರ್ಷಕ್ಕೊಮ್ಮೆ ಜನರನ್ನು ಬಲವಂತ ಮಾಡುತ್ತಿದ್ದರು. ಪ್ರಾಣಭಯದಿಂದ ತುಳಿದವರು ಅನೇಕರು. ಅವರು ಮನೆಗೆ ಬಂದು, ಬಾಗಿಲು ಮುಚ್ಚಿ, ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು. ಹೀಗೆ ಜಪಾನಿನ ವಿಶ್ವಾಸ ಉಳಿದದ್ದು ರಕ್ತಸಾಕ್ಷಿಗಳಿಂದ ಮಾತ್ರವಲ್ಲ, ಎಡವಿ ಬಿದ್ದು ಕಣ್ಣೀರಿನೊಡನೆ ಎದ್ದವರಿಂದಲೂ ಹೌದು.

ಉರಾಕಾಮಿಯ ಜನ ತಮ್ಮೊಳಗೇ ಒಂದು ಏರ್ಪಾಡು ಮಾಡಿಕೊಂಡಿದ್ದರು. ಹುಟ್ಟಿದ ಮಕ್ಕಳಿಗೆ ಜ್ಞಾನಸ್ನಾನ ಕೊಡಲು ಒಬ್ಬರು. ಮನೆಮನೆಗೂ ಸುದ್ದಿ ಮುಟ್ಟಿಸಲು ಒಬ್ಬರು. ಇವರೆಲ್ಲರಿಗೂ ಮುಖ್ಯಸ್ಥ, ಪಂಚಾಂಗ ಕಾಯುವ ಹಿರಿಯ. ತಪಸ್ಸುಕಾಲ ಎಂದು ಆರಂಭ, ಪಾಸ್ಖ ಎಂದು, ಬಾಲಯೇಸುವಿನ ಹಬ್ಬ ಎಂದು ಎಣಿಸಿ ಹೇಳುವುದು ಅವನ ಹೊಣೆ. ಹಬ್ಬದಲ್ಲಿ ಗಂಟೆ ಬಾರಿಸುವಂತಿಲ್ಲ, ಗಟ್ಟಿಯಾಗಿ ಹಾಡುವಂತಿಲ್ಲ. ಆದರೂ ದಿನ ತಪ್ಪಬಾರದು. ತಂದೆಯಿಂದ ಮಗನಿಗೆ ಈ ಎಣಿಕೆ ದಾಟುತ್ತಾ ಬಂತು. ಏಳು ತಲೆಮಾರು ಕಳೆದ ಮೇಲೆ ಪಾಪನಿವೇದನೆ ಕೇಳುವ ಗುರುಗಳು ದೊಡ್ಡ ಹಡಗಿನಲ್ಲಿ ಬರುತ್ತಾರೆ ಎಂದು ಬಾಸ್ಟಿಯನ್ ಎಂಬ ಉಪದೇಶಿ ಹೇಳಿಹೋಗಿದ್ದನೆಂಬ ಮಾತು ಅವರಲ್ಲಿ ಬಾಯಿಂದ ಬಾಯಿಗೆ ಹರಿದು ಬಂದಿತ್ತು.

ಜಪಾನ್ ಪರದೇಶಿಯರಿಗೆ ಬಾಗಿಲು ತೆರೆದ ಮೇಲೆ, 1865ರಲ್ಲಿ, ನಾಗಸಾಕಿಯ ಔರಾದಲ್ಲಿ ವಿದೇಶಿ ಕ್ರೈಸ್ತರಿಗಾಗಿ ಒಂದು ದೇವಾಲಯ ಪ್ರತಿಷ್ಠಾಪನೆಯಾಯಿತು. ಅಲ್ಲಿದ್ದವರು ಫಾದರ್ ಬರ್ನಾರ್ಡ್ ಪೆಟಿಜಾನ್. ನಮ್ಮ ಮೈಸೂರು ಸೀಮೆಯಲ್ಲೂ ದುಡಿದ ಪ್ಯಾರಿಸ್ ವಿದೇಶೀ ಮಿಷನ್ ಸಭೆಯ ಗುರುಗಳು. ಮಾರ್ಚ್ 17ರಂದು ಉರಾಕಾಮಿಯ ಹತ್ತು ಹದಿನೈದು ಮಂದಿ ಅಲ್ಲಿಗೆ ಬಂದರು. ಪ್ರಾರ್ಥಿಸುತ್ತಿದ್ದ ಗುರುಗಳ ಬಳಿ ಒಬ್ಬ ಹೆಂಗಸು ಬಂದು, ನಮ್ಮೆಲ್ಲರ ಹೃದಯವೂ ನಿಮ್ಮ ಹೃದಯವೂ ಒಂದೇ ಎಂದು ಮೆಲ್ಲಗೆ ಹೇಳಿದಳು. ಮರಿಯಮ್ಮನವರ ಪ್ರತಿಮೆ ಎಲ್ಲಿ ಎಂದು ಕೇಳಿದಳು. ಬಾಲಯೇಸುವನ್ನೆತ್ತಿಕೊಂಡ ತಾಯಿಯನ್ನು ಕಂಡೊಡನೆ ಅವರ ಸಂತೋಷಕ್ಕೆ ಪಾರವಿರಲಿಲ್ಲ. ಮಂಜಿನ ತಿಂಗಳ 25ನೇ ದಿನ ತಾವು ಪ್ರಭುವಿನ ಜನನವನ್ನು ಆಚರಿಸುವುದಾಗಿ ತಿಳಿಸಿದರು. ಈಗ ದುಃಖದ ಕಾಲದ 17ನೇ ದಿನ ಎಂದೂ ಹೇಳಿದರು. ಆ ವರ್ಷ ವಿಭೂತಿ ಬುಧವಾರ ಬಂದದ್ದು ಮಾರ್ಚ್ 1ರಂದು. 250 ವರ್ಷಗಳ ನಂತರವೂ ಎಣಿಕೆ ಒಂದು ದಿನವೂ ತಪ್ಪಿರಲಿಲ್ಲ!

ಅವರ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ನಿಷೇಧ ಇನ್ನೂ ಜಾರಿಯಲ್ಲಿತ್ತು. ಉರಾಕಾಮಿಯ ಸುಮಾರು 3,400 ಮಂದಿಯನ್ನು ದೂರದೂರದ ಸೀಮೆಗಳಿಗೆ ಗಡೀಪಾರು ಮಾಡಲಾಯಿತು. 600ಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. 1873ರಲ್ಲಿ ನಿಷೇಧದ ಫಲಕಗಳು ಇಳಿದ ಮೇಲೆ ಮರಳಿ ಬಂದವರು ಆ ಗಡೀಪಾರನ್ನು ‘ಪ್ರಯಾಣ’ ಎಂದು ಕರೆದರು. ಹಿಂದೆ ಪವಿತ್ರ ಚಿತ್ರಗಳನ್ನು ತುಳಿಸುತ್ತಿದ್ದ ಊರ ಮುಖ್ಯಸ್ಥನ ಮನೆಯ ಜಾಗವನ್ನೇ ಕೊಂಡುಕೊಂಡು, ಬಡತನದಲ್ಲೇ ಕೂಡಿಟ್ಟ ಹಣದಿಂದ ದೊಡ್ಡ ದೇವಾಲಯ ಕಟ್ಟಿದರು.

1945ರ ಆಗಸ್ಟ್ 9, ಬೆಳಿಗ್ಗೆ 11 ಗಂಟೆ 2 ನಿಮಿಷ. ಮಾತೆಯ ಸ್ವರ್ಗಸ್ವೀಕಾರ ಹಬ್ಬದ ಸಿದ್ಧತೆಗಾಗಿ ದೇವಾಲಯದಲ್ಲಿ ಪಾಪನಿವೇದನೆ ನಡೆಯುತ್ತಿತ್ತು. ಅಲ್ಲಿಂದ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ ಅಣುಬಾಂಬ್ ಸಿಡಿಯಿತು. ಉರಾಕಾಮಿಯ ಸುಮಾರು 12,000 ಕಥೋಲಿಕರಲ್ಲಿ 8,500 ಮಂದಿ ಮಡಿದರು. ಡಾಕ್ಟರ್ ತಕಾಶಿ ನಾಗಾಯ್ ಅವರ ಪತ್ನಿ ಮಿಡೋರಿ, ಆ ಪಂಚಾಂಗ ಕಾಯುವ ಮನೆತನದ ಮಗಳು. ಸುಟ್ಟ ಮನೆಯಲ್ಲಿ ಗಂಡನಿಗೆ ಸಿಕ್ಕಿದ್ದು ಆಕೆಯ ಮೂಳೆಗಳು ಮತ್ತು ಕರಗಿದ ಜಪಸರ.

ಪ್ರಿಯರೇ, ಇದಕ್ಕಿಂತ ದೊಡ್ಡ ಸೂತಕ ಯಾವ ಊರಿಗೆ ಬಂದೀತು? ಆ ವರ್ಷ ಉರಾಕಾಮಿಯವರು ಹಬ್ಬವಿಲ್ಲ ಎಂದಿದ್ದರೆ ಯಾರು ತಪ್ಪು ಎನ್ನುತ್ತಿದ್ದರು? ಆದರೆ ಅವರು ಅವಶೇಷಗಳನ್ನು ಅಗೆದು, ಹೂತುಹೋಗಿದ್ದ ಎರಡು ಗಂಟೆಗಳಲ್ಲಿ ಒಡೆಯದೆ ಉಳಿದ ಒಂದನ್ನು ಮೇಲೆತ್ತಿದರು. ಮರದ ದಿಮ್ಮಿಗಳಿಗೆ ತೂಗುಹಾಕಿ, ಕ್ರಿಸ್ತಜಯಂತಿಯ ಹಿಂದಿನ ಸಂಜೆ ಬಾರಿಸಿದರು. ಒಡೆದುಹೋದ ಗಂಟೆಯ ಸ್ಥಾನದಲ್ಲಿ ಅಮೆರಿಕದ ಕಥೋಲಿಕರು ಕೊಟ್ಟ ಹೊಸ ಗಂಟೆ 2025ರ ಆಗಸ್ಟ್ 9ರಂದು ಮೊಳಗಿತು. 80 ವರ್ಷಗಳ ನಂತರ ಎರಡೂ ಗಂಟೆಗಳು ಜೊತೆಯಾಗಿ ನುಡಿದವು.

ಬಾಂಬ್ ಮನುಷ್ಯ ಮಾಡಿದ್ದು. ಅದನ್ನು ದೇವರ ವರವೆಂದು ಕರೆಯಬೇಕಾಗಿಲ್ಲ. ನೊಂದವರಿಗೆ “ನಗುನಗುತ್ತಾ ಇರಿ” ಎನ್ನುವುದೂ ಕ್ರೈಸ್ತ ಬೋಧನೆಯಲ್ಲ. ಕ್ರೈಸ್ತ ಆನಂದವೆಂದರೆ ಕಣ್ಣೀರು ಇಲ್ಲದಿರುವುದಲ್ಲ. ದೇವರು ನಮ್ಮ ನಡುವೆ ಹುಟ್ಟಿದ್ದಾರೆ ಎಂಬ ಸತ್ಯ ನಮ್ಮ ಮನಸ್ಸಿನ ಸ್ಥಿತಿಯ ಮೇಲೆ ನಿಂತಿಲ್ಲ ಎಂದು ತಿಳಿದು, ಅದನ್ನು ಬಿಡದೆ ಕಾಪಾಡಿಕೊಳ್ಳುವುದು. ಬಾಲಯೇಸು ಹುಟ್ಟಿದ್ದೂ ಛತ್ರದಲ್ಲಿ ಜಾಗ ಸಿಗದ ಕುಟುಂಬದಲ್ಲೇ ಅಲ್ಲವೇ?

ದುಃಖದ ಮನೆಯವರೇ, ಈ ವರ್ಷ ಹೊಸ ಬಟ್ಟೆ ಬೇಡ, ಕಜ್ಜಾಯ ಬೇಡ. ಒಂದು ಮೇಣದಬತ್ತಿ ಹಚ್ಚಿ, ಬಾಲಯೇಸುವಿನ ಸ್ವರೂಪವನ್ನು ಹೊರತೆಗೆದಿಡಿ. ಅತ್ತರೂ ಆತನ ಮುಂದೆಯೇ ಅಳಿ. ಅಷ್ಟಕ್ಕೂ ಶಕ್ತಿಯಿಲ್ಲವೆಂದರೆ, ನೆರೆಹೊರೆಯವರೇ, ಅದು ನಿಮ್ಮ ಸರದಿ. ಉರಾಕಾಮಿಯಲ್ಲಿ ಒಬ್ಬ ಹಿರಿಯ ಇಡೀ ಊರಿಗಾಗಿ ದಿನ ಎಣಿಸಿದನು. ನೀವು ಆ ಮನೆಯ ಬಾಗಿಲು ತಟ್ಟಿ, ಅವರೊಡನೆ ಕುಳಿತು ಒಂದು ಜಪಸರ ಹೇಳಿ, ಅವರ ಪಾಲಿನ ಹಬ್ಬವನ್ನು ಅವರಿಗಾಗಿ ಕಾಪಾಡಿಕೊಡಿ.

ಗೋದಲಿಯಲ್ಲಿ ಮಲಗಿದ ಬಾಲಯೇಸು ನಿಮ್ಮೆಲ್ಲರನ್ನೂ, ವಿಶೇಷವಾಗಿ ಈ ವರ್ಷ ಅಗಲಿಕೆಯಿಂದ ನೊಂದಿರುವ ಕುಟುಂಬಗಳನ್ನು, ಆಶೀರ್ವದಿಸಲಿ.