ಕೊತ್ತಂಬರಿ ಹಾಕಿದ ಕ್ರಿಸ್‌ಮಸ್ ಕುಕಿ

(1)
ಫೋಟೋದಲ್ಲಿರುವುದು ಟೈಲ್ಸ್ ತುಂಡಲ್ಲ ಮಾರಾಯ್ರೆ, ಕುಕಿ. ನಾನೇ ಮಾಡಿದ್ದು. ರೆಸಿಪಿ 1796ರದ್ದು. ಇದರಲ್ಲಿ ಕೊತ್ತಂಬರಿ ಪುಡಿ ಉಂಟು. ಹೌದು, ನಿಮ್ಮಮ್ಮ ಸಾರಿಗೆ ಹುರಿದು ಹಾಕುವ ಅದೇ ಕೊತ್ತಂಬರಿ ಬೀಜ.

ನಿನ್ನೆ ಕ್ಲಾಸ್ ಗ್ರೂಪಿನಲ್ಲಿ ಹಾಕಿದಾಗ "ಎಂತ ಇದು, ತಲೆ ಸರಿ ಉಂಟಾ" ಅಂತ ಕೇಳಿದ್ರಲ್ಲ, ಅದಕ್ಕೆ ಉತ್ತರ ಈ ಸೀರೀಸ್. ಸ್ವಲ್ಪ ಉದ್ದ ಉಂಟು. ಬಸ್ಸಿನಲ್ಲಿ ಸೀಟ್ ಸಿಕ್ಕಿದ ಮೇಲೆ ಓದಿ.

(2)
ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ 1796ರಲ್ಲಿ ಒಂದು ಸಣ್ಣ ಪುಸ್ತಕ ಅಚ್ಚಾಯ್ತು. ಹೆಸರು 'ಅಮೆರಿಕನ್ ಕುಕರಿ'. ಐವತ್ತು ಪುಟವೂ ಇಲ್ಲ. ಬರೆದವರು ಅಮೀಲಿಯಾ ಸಿಮನ್ಸ್. ಅಲ್ಲಿಯವರೆಗೆ ಆ ದೇಶದಲ್ಲಿ ಅಚ್ಚಾಗುತ್ತಿದ್ದದ್ದು ಇಂಗ್ಲೆಂಡಿನ ಅಡುಗೆ ಪುಸ್ತಕಗಳ ಮರುಮುದ್ರಣ. ಅಮೆರಿಕದವರೇ ಬರೆದ ಮೊದಲ ಅಡುಗೆ ಪುಸ್ತಕ ಅಂತ ಹೆಸರಾದದ್ದು ಇದು.

ಆಕೆಯ ಬಗ್ಗೆ ನಮಗೆ ಸಿಗುವುದೆಲ್ಲ ಆ ಪುಸ್ತಕದಲ್ಲಿ ಇದ್ದಷ್ಟೇ. ಮೊದಲ ಪುಟದಲ್ಲೇ ತನ್ನ ಹೆಸರಿನ ಪಕ್ಕ 'ಒಬ್ಬ ಅಮೆರಿಕನ್ ಅನಾಥೆ' ಅಂತ ಹಾಕಿಸಿಕೊಂಡಿದ್ದಾಳೆ. ಡಿಗ್ರಿ ಹಾಕಿಕೊಳ್ಳುವ ಜಾಗದಲ್ಲಿ ಅನಾಥೆ ಅಂತ! ಮೊದಲ ಸಲ ಓದಿದಾಗ ನಾನು ಅಲ್ಲೇ ನಿಂತೆ. ಅಮ್ಮನೋ ಅಜ್ಜಿಯೋ ಕಲಿಸಿದ ಅಡುಗೆ ಅಂತ ಹೇಳಿಕೊಳ್ಳಲು ಆಕೆಗೆ ಯಾರೂ ಇರಲಿಲ್ಲ. ಇದನ್ನು ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗ್ತದೆ.

ಇನ್ನು 'ಕುಕಿ' ಎಂಬ ಪದ. ಇಂಗ್ಲೆಂಡಿನವರು ಬಿಸ್ಕಿಟ್ ಅನ್ನುವವರು. ಹಾಗಾದ್ರೆ ಅಮೆರಿಕಕ್ಕೆ ಕುಕಿ ಎಲ್ಲಿಂದ ಬಂತು? ಡಚ್ಚರಿಂದ. ನ್ಯೂಯಾರ್ಕ್ 1664ರವರೆಗೆ ಡಚ್ಚರ ಊರು, ಆಗ ಅದರ ಹೆಸರು ನ್ಯೂ ಆಮ್‌ಸ್ಟರ್‌ಡಾಮ್. ಡಚ್ ಭಾಷೆಯಲ್ಲಿ 'ಕೂಕ್' ಅಂದ್ರೆ ಕೇಕ್, 'ಕೂಕಿಯೆ' ಅಂದ್ರೆ ಪುಟ್ಟ ಕೇಕ್. ಊರು ಇಂಗ್ಲಿಷರ ಕೈಗೆ ಹೋಯ್ತು, ಪದ ಅಡುಗೆಮನೆಯಲ್ಲೇ ಉಳಿಯಿತು. ಹೊಸ ವರ್ಷದ ದಿನ ಮನೆಗೆ ಬಂದವರಿಗೆಲ್ಲ ಇಂಥ ಪುಟ್ಟ ಕೇಕುಗಳನ್ನು ಕೊಡುವ ರೂಢಿಯೂ ಆ ಡಚ್ ಮನೆಗಳಲ್ಲಿ ಉಳಿಯಿತು.

(3)
ಈಗ ರೆಸಿಪಿ. ಪುಸ್ತಕದಲ್ಲಿ ಅದರ ಹೆಸರು 'ಇನ್ನೊಂದು ಕ್ರಿಸ್‌ಮಸ್ ಕುಕಿ'. ಕೆಲವೇ ಸಾಲು.

ಮೂರು ಪೌಂಡ್ ಹಿಟ್ಟು, ಅಂದ್ರೆ ಹತ್ತಿರ ಹತ್ತಿರ 1 ಕಿಲೋ 360 ಗ್ರಾಂ. ಒಂದು ಪೌಂಡ್ ಬೆಣ್ಣೆ. ಒಂದೂವರೆ ಪೌಂಡ್ ಸಕ್ಕರೆ. ಒಂದು ಟೀ ಕಪ್ ನುಣ್ಣಗಿನ ಕೊತ್ತಂಬರಿ ಪುಡಿ. ಮೂರು ಟೀ ಸ್ಪೂನ್ 'ಪರ್ಲ್ ಆ್ಯಶ್' ಅನ್ನು ಒಂದು ಟೀ ಕಪ್ ಹಾಲಿನಲ್ಲಿ ಕರಗಿಸಿ ಸೇರಿಸಬೇಕು. ಮುಕ್ಕಾಲು ಇಂಚು ದಪ್ಪಕ್ಕೆ ಲಟ್ಟಿಸಿ, ಬೇಕಾದ ಆಕಾರಕ್ಕೆ ಕತ್ತರಿಸಿ, ನಿಧಾನ ಉರಿಯಲ್ಲಿ 15-20 ನಿಮಿಷ ಬೇಯಿಸಬೇಕು. ಮೊಟ್ಟೆ ಇಲ್ಲ!

ಕೊತ್ತಂಬರಿ ಯಾಕೆ? ಏಲಕ್ಕಿ, ಲವಂಗ ಎಲ್ಲ ಅವರಿಗೆ ಹಡಗಿನಲ್ಲೇ ಬರಬೇಕು. ಕೊತ್ತಂಬರಿ ಹಾಗಲ್ಲ, ಹಿತ್ತಲಲ್ಲಿ ಬೆಳೆಸಬಹುದು. ಮತ್ತೆ, ನಂಬಿ, ಸಕ್ಕರೆ ಜೊತೆ ಅದು ಸಾರಿನ ಹಾಗೆ ನಾರುವುದಿಲ್ಲ, ಕಿತ್ತಳೆ ಸಿಪ್ಪೆಯ ತರ ಪರಿಮಳ ಬರ್ತದೆ. ನಮ್ಮಮ್ಮನಿಗೂ ಆಶ್ಚರ್ಯ.

ಪರ್ಲ್ ಆ್ಯಶ್ ಅಂದ್ರೆ ಬೂದಿ. ಸುಮ್ನೆ ಬೂದಿಯಲ್ಲ: ಕಟ್ಟಿಗೆ ಬೂದಿಗೆ ನೀರು ಹಾಕಿ ಸೋಸಿ, ಆ ನೀರನ್ನು ಕುದಿಸಿ ಇಂಗಿಸಿ, ಉಳಿದ ಉಪ್ಪನ್ನು ಮತ್ತೆ ಸುಟ್ಟು ಬೆಳ್ಳಗೆ ಮಾಡಿದ ಕ್ಷಾರ. ಹಪ್ಪಳಕ್ಕೆ ಹಾಕುವ ಖಾರ ಇದೆಯಲ್ಲ, ಅದರ ದೂರದ ನೆಂಟ. ಅಡುಗೆ ಸೋಡಾ ಅಂಗಡಿಗೆ ಬರುವ ಮೊದಲು ಹಿಟ್ಟು ಉಬ್ಬಿಸಲು ಅಲ್ಲಿಯವರು ಇದನ್ನೇ ಹಾಕುತ್ತಿದ್ದರು. ನಮ್ಮ ಬಿಸಿನೆಸ್ ಲಾ ಸರ್‌ಗೆ ಇಷ್ಟ ಆಗುವ ವಿಷಯ: ಅಮೆರಿಕ ಸರ್ಕಾರ ಕೊಟ್ಟ ಮೊಟ್ಟಮೊದಲ ಪೇಟೆಂಟ್, 1790ರ ಜುಲೈ 31ರದ್ದು, ಇದೇ ಬೂದಿ ತಯಾರಿಸುವ ಹೊಸ ವಿಧಾನಕ್ಕೆ. ಪಡೆದವನು ಸ್ಯಾಮ್ಯುಯೆಲ್ ಹಾಪ್ಕಿನ್ಸ್, ಸಹಿ ಹಾಕಿದವರು ಜಾರ್ಜ್ ವಾಷಿಂಗ್ಟನ್. ಪೇಟೆಂಟ್ ಸಿಕ್ಕಿದ್ದು ಅವನಿಗೆ. ಅದನ್ನು ಹಿಟ್ಟಿಗೆ ಹಾಕಿದರೆ ಏನಾಗುತ್ತದೆ ಅಂತ ಕಂಡುಕೊಂಡ ಹೆಂಗಸರ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ.

(4)
ರೆಸಿಪಿಯ ಕೊನೆಯ ಮಾತೇ ನನಗೆ ಹೆಚ್ಚು ಇಷ್ಟ. ಮೊದಲು ಗಟ್ಟಿಯಾಗಿ ಒಣಗಿರುತ್ತದೆ, ಮಣ್ಣಿನ ಪಾತ್ರೆಯಲ್ಲಿ ಹಾಕಿ ನೆಲಮಾಳಿಗೆಯಲ್ಲಿಡಿ, ಆರು ತಿಂಗಳಾದ ಮೇಲೆ ಮೆತ್ತಗಾಗಿ ಇನ್ನೂ ಚೆನ್ನಾಗಿರುತ್ತದೆ ಅಂತಾಳೆ. ಆರು ತಿಂಗಳು! (ಮಂಗಳೂರಲ್ಲಿ ಟ್ರೈ ಮಾಡ್ಬೇಡಿ. ಡಿಸೆಂಬರಿಗೆ ಇಟ್ಟರೆ ಜೂನ್ ಮಳೆಗೆ ಬೂಸ್ಟು ಬೆಳೀತದೆ.)

ಯೋಚನೆ ಮಾಡಿ. ಹಬ್ಬದಲ್ಲಿ ಹಂಚುವ ತಿಂಡಿ ಲೋಕದ ಹಲವು ಕಡೆ ಯಾಕೆ ಒಣ ತಿಂಡಿ? ಪಾಯಸ ಯಾರೂ ಹತ್ತು ಮನೆಗೆ ಕಳಿಸುವುದಿಲ್ಲ. ಇಪ್ಪತ್ತು ಮನೆಗೆ ಕೊಡಬೇಕಾದರೆ ವಾರಗಟ್ಟಲೆ ಮೊದಲೇ ಮಾಡಿಡಬೇಕು, ಕೆಡಬಾರದು, ಎಣಿಸಿ ಹಂಚಲು ಆಗಬೇಕು, ದಾರಿಯಲ್ಲಿ ಚೆಲ್ಲಬಾರದು. ಕುಕಿ ಚಂದಕ್ಕೆ ಉಡುಗೊರೆ ಆದದ್ದಲ್ಲ. ಅದು ಕಾಯುತ್ತದೆ, ಅದಕ್ಕೇ ಉಡುಗೊರೆ ಆಯ್ತು.

ಇನ್ನೊಂದು ತಮಾಷೆ. ಈ ಪುಸ್ತಕ ಬಂದ ಸೀಮೆಯಲ್ಲೇ ಕ್ರಿಸ್‌ಮಸ್ ಒಂದು ಕಾಲದಲ್ಲಿ ಅಪರಾಧ. ಪಕ್ಕದ ಮಸಾಚುಸೆಟ್ಸ್‌ನಲ್ಲಿ ಪ್ಯೂರಿಟನ್ನರು 1659ರಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಹಾಕುವ ಕಾನೂನು ತಂದಿದ್ದರು. 1681ರಲ್ಲಿ ಅದು ಹೋಯಿತು. ನೂರು ಚಿಲ್ಲರೆ ವರ್ಷದಲ್ಲಿ ಅದೇ ಸೀಮೆಯ ಅಚ್ಚಿನ ಪುಸ್ತಕದಲ್ಲಿ ಕ್ರಿಸ್‌ಮಸ್ ಕುಕಿ.

(5)
ಈಗ ನಮ್ಮೂರಿಗೆ ಬನ್ನಿ. ಮಂಗಳೂರಿನವರಿಗೆ ಕುಸ್ವಾರ್ ಗೊತ್ತೇ ಇರ್ತದೆ. ಬೇರೆ ಊರಿನವರಿಗೆ: ಇಲ್ಲಿಯ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡಿ ನೆರೆಮನೆಗಳಿಗೆ ಕಳಿಸುವ ತಿಂಡಿಗಳ ಒಟ್ಟು ಹೆಸರು ಅದು. ಕಿಡಿಯೊ, ನೆವ್ರಿ, ಗುಳಿಯೊ, ಎಳ್ಳುಂಡೆ, ಚಕ್ಕುಲಿ, ಮತ್ತೆ ಹೂವಿನ ಆಕಾರದ ಗರಿಗರಿ 'ಕೊಕ್ಕಿಸಾಂ'. ಪೇಟೆಯಲ್ಲಿ ರೋಸ್ ಕುಕಿ ಅಂತಾರೆ. ಕೇರಳದಲ್ಲಿ ಇದೇ ಅಚ್ಚಪ್ಪಂ. ಶ್ರೀಲಂಕಾದಲ್ಲಿ ಇದೇ 'ಕೊಕಿಸ್', ಏಪ್ರಿಲ್‌ನ ಹೊಸ ವರ್ಷಕ್ಕೆ ಮಾಡ್ತಾರೆ. ಆ ಕೊಕಿಸ್ ಪದ ಡಚ್ಚರ ಕೂಕಿಯೆಯಿಂದ ಬಂದದ್ದು ಎನ್ನುತ್ತಾರೆ. ಅಲ್ಲಿಯ ಕರಾವಳಿಯನ್ನು 1658ರಿಂದ ಆಳಿದ ಡಚ್ಚರು ಅದನ್ನು ಬ್ರಿಟಿಷರಿಗೆ ಕಳೆದುಕೊಂಡದ್ದು ಯಾವಾಗ ಗೊತ್ತಾ? 1796ರಲ್ಲಿ. ನಮ್ಮ ಅಮೀಲಿಯಾಳ ಪುಸ್ತಕದ ವರ್ಷ. ಕೂಕಿಯೆ, ಕೊಕಿಸ್, ಕೊಕ್ಕಿಸಾಂ ಅಂತ ಒಮ್ಮೆ ಬಾಯಲ್ಲಿ ಹೇಳಿ ನೋಡಿ.

ನಾವು ಕ್ಯಾಥೊಲಿಕರಲ್ಲ. ಆದ್ರೆ ನನಗೆ ನೆನಪು ಇರುವಾಗಿನಿಂದ ಪ್ರತಿ ಡಿಸೆಂಬರಿಗೆ ಪಕ್ಕದ ಮನೆ ಬಾಯಮ್ಮನ ತಟ್ಟೆ ಬರ್ತದೆ, ಮೇಲೆ ಕ್ರೋಶಾ ಬಟ್ಟೆ ಮುಚ್ಚಿ. ಅಷ್ಟಮಿಗೆ ನಮ್ಮ ಚಕ್ಕುಲಿ, ಉಂಡೆ ಅದೇ ತಟ್ಟೆಯಲ್ಲಿ ಆಚೆ ಹೋಗ್ತದೆ. ಆ ತಟ್ಟೆ ಯಾರದ್ದು ಅಂತ ಈಗ ಎರಡೂ ಮನೆಯವರಿಗೆ ಮರೆತುಹೋಗಿದೆ.

ಕುಸ್ವಾರಿನಲ್ಲಿ ಹೆಚ್ಚಿನದ್ದು ಎಣ್ಣೆಯಲ್ಲಿ ಕರಿದದ್ದು, ಗಮನಿಸಿದ್ದೀರಾ? ಬಾಯಮ್ಮನ ಕಾಲದಲ್ಲಿ ಮನೆಯಲ್ಲಿ ಓವನ್ ಎಲ್ಲಿತ್ತು? ಕೇಕಿನ ಹಿಟ್ಟನ್ನು ಪಾತ್ರೆಯಲ್ಲಿ ಹೊತ್ತು ಬೇಕರಿಗೆ ಹೋಗಿ ಬೇಯಿಸಿ ತರ್ತಿದ್ರಂತೆ. ಉಳಿದದ್ದಕ್ಕೆಲ್ಲ ಬಾಣಲೆಯೇ.

(6)
ಬಾಯಮ್ಮನಿಗೆ ಈಗ ಎರಡೂ ಕಣ್ಣು ಮಂಜು. ಮಕ್ಕಳು ಹೊರದೇಶದಲ್ಲಿ. ಹೋದ ವರ್ಷ ನವೆಂಬರಿನಲ್ಲಿ ನನ್ನನ್ನು ಕರೆದು "ನಾನು ಹೇಳ್ತೇನೆ, ನೀನು ಬರಿ, ಮೊಮ್ಮಕ್ಕಳಿಗೆ ಕಳಿಸ್ಲಿಕ್ಕೆ" ಅಂದ್ರು. ಬರೆದೆ. ಟೈಪ್ ಮಾಡಿ, ಚಂದದ ಫಾಂಟ್ ಹಾಕಿ, ಪಿಡಿಎಫ್ ಮಾಡಿ ಕಳಿಸಿದೆ. ಭಾರೀ ಕೆಲಸ ಮಾಡಿದ ಹಾಗೆ ಸ್ಟೋರಿಯೂ ಹಾಕಿದ್ದೆ.

ಕ್ರಿಸ್‌ಮಸ್‌ಗೆ ಎರಡು ದಿನ ಇರುವಾಗ ಮೊಮ್ಮಗಳ ವಿಡಿಯೋ ಕಾಲ್. ಕೊಕ್ಕಿಸಾಂ ಅಚ್ಚು ಬಿಟ್ಟು ಬರ್ತಾ ಇಲ್ಲ, ಎಲ್ಲ ಮುದ್ದೆ. ಹುಡುಕಿದರೆ ತಪ್ಪು ನನ್ನದೇ. "ಒಂದು ಲೋಟ ತೆಂಗಿನ ಹಾಲು" ಅಂದದ್ದನ್ನು ಹಾಗೇ ಬರೆದಿದ್ದೆ, ಯಾವ ಲೋಟ ಅಂತ ಕೇಳಿರಲಿಲ್ಲ. ಅಚ್ಚನ್ನು ಮೊದಲು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಬೇಕು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು, ಪೂರ್ತಿ ಮುಳುಗಿದರೆ ಬಿಡುವುದಿಲ್ಲ. ಈ ಸಾಲು ಉದ್ದ ಆಯ್ತು ಅಂತ ನಾನೇ ಕಟ್ ಮಾಡಿದ್ದೆ, ಪಿಡಿಎಫ್ ಒಂದೇ ಪೇಜಿನಲ್ಲಿ ನಿಲ್ಲಬೇಕು ಅಂತ. ಬಾಯಮ್ಮ ನನಗೆ ಬೈಯಲಿಲ್ಲ. ಮೊಮ್ಮಗಳ ಹತ್ತಿರ "ನಾನೇ ಮರೆತಿರ್ಬೇಕು ಮಗಾ" ಅಂದ್ರು. ನಾನು ಅಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ.

(7)
ಅದಾದ ಮೇಲೆ ಅಮೀಲಿಯಾಳ ಪುಸ್ತಕವನ್ನು ಮತ್ತೆ ತೆಗೆದೆ. ಅದಕ್ಕೆ ಸೇರಿಸಿದ ತಿದ್ದುಪಡಿಯ ಒಂದು ಹಾಳೆ ಉಂಟು. ತನಗೆ ಪುಸ್ತಕ ಸಿದ್ಧಪಡಿಸುವಷ್ಟು ಓದು ಇಲ್ಲದ್ದರಿಂದ ಬರೆದುಕೊಡಲು ಒಬ್ಬರನ್ನು ಇಟ್ಟುಕೊಂಡೆ, ಅವರು ತನ್ನ ಒಪ್ಪಿಗೆ ಇಲ್ಲದೆ ರೆಸಿಪಿಗಳಲ್ಲಿ ಮುಖ್ಯವಾದದ್ದನ್ನು ಬಿಟ್ಟು, ಬೇರೆ ಏನೇನೋ ಸೇರಿಸಿ ಕೆಡಿಸಿದರು ಅಂತ ಅದರಲ್ಲಿ ದೂರಿದ್ದಾಳೆ. ಮೊದಲು ಓದಿದಾಗ ಎಂಥಾ ಮೋಸಗಾರ ಅಂತ ಅನ್ನಿಸಿತ್ತು. ಈ ಸಲ ಓದುವಾಗ ಆ ಬರೆದುಕೊಟ್ಟವರ ಜಾಗದಲ್ಲಿ ನಾನಿದ್ದೆ. ಆಕೆ ಅಚ್ಚು ಹಾಕಿಸಿ ಜಗಳ ಮಾಡಿದಳು. ಬಾಯಮ್ಮ ತಪ್ಪನ್ನು ತನ್ನ ಮೇಲೆ ಹಾಕಿಕೊಂಡರು.

ಈ ವರ್ಷ ಮೊದಲು ಹೋಗಿ ನಿಜ ಹೇಳಿದೆ. "ಗೊತ್ತಿತ್ತು" ಅಂದ್ರು. ಅಷ್ಟೇ.

ನಾಲ್ಕು ಭಾನುವಾರ ಅವರ ಅಡುಗೆಮನೆಯಲ್ಲೇ ಕೂತು ಮತ್ತೆ ಬರೆದೆ. ಕಾಸ್ಟ್ ಶೀಟ್ ಕೂಡ ಹಾಕಿದೆ, ಅಭ್ಯಾಸ ಬಿಡ್ಬೇಕಲ್ಲ: ಮೈದಾ, ಎಣ್ಣೆ, ಗ್ಯಾಸ್. "ಲೇಬರ್ ಎಷ್ಟು ಬರೆಯೋದು?" ಅಂತ ಕೇಳಿದ್ದಕ್ಕೆ "ಅದನ್ನು ಬರೆದರೆ ಇದು ಅಂಗಡಿ ತಿಂಡಿ ಆಗ್ತದೆ, ಬಿಡು" ಅಂದ್ರು. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಕಾಲಂ ಖಾಲಿ ಇಟ್ಟಿದ್ದೇನೆ, ಅಳಿಸಿಲ್ಲ.

ನನ್ನ ಕೊತ್ತಂಬರಿ ಕುಕಿಯನ್ನು ಅವರಿಗೇ ಮೊದಲು ಕೊಟ್ಟದ್ದು. ಪರ್ಲ್ ಆ್ಯಶ್ ಸಿಗಲಿಲ್ಲ, ಸೋಡಾ ಹಾಕಿದೆ. ಓವನ್ ಇಲ್ಲ, ದಪ್ಪ ಪಾತ್ರೆಯಲ್ಲಿ ಉಪ್ಪು ಕಾಯಿಸಿ ಅದರ ಮೇಲೆ ತಟ್ಟೆ ಇಟ್ಟು ಬೇಯಿಸಿದ್ದು. ಹಲ್ಲಿಗೆ ಆಗಲಿಲ್ಲ ಅಂತ ಚಹಾದಲ್ಲಿ ಅದ್ದಿ ತಿಂದ್ರು. "ಪರಿಮಳ ಒಳ್ಳೇದುಂಟು, ದಪ್ಪ ಜಾಸ್ತಿ ಆಯ್ತು" ಅಂದ್ರು. ಮುಕ್ಕಾಲು ಇಂಚು ಅಂತ ಪುಸ್ತಕದಲ್ಲೇ ಉಂಟು ಅಂದೆ. "ಬರೆದುಕೊಟ್ಟವನು ಸರಿ ಕೇಳಿಸ್ಕೊಂಡಿದ್ದಾನೋ ಇಲ್ವೋ" ಅಂತ ನಕ್ಕರು.

ಆ ಲೋಟ ಸಿಕ್ಕಿತು, ಹೇಳಲು ಮರೆತೆ. ಅಂಚು ನೆಗ್ಗಿದ ಹಳೆ ಸ್ಟೀಲ್ ಲೋಟ. ನೀರು ತುಂಬಿಸಿ ಅಳೆದೆ, 170 ಎಂಎಲ್. ನಾನು ಹೋದ ವರ್ಷ ಅಂದಾಜಿನಲ್ಲಿ ಇಟ್ಟುಕೊಂಡದ್ದು 250. ಈಗ ಬರೆದದ್ದನ್ನೆಲ್ಲ ಅವರಿಗೆ ಗಟ್ಟಿಯಾಗಿ ಓದಿ ಹೇಳ್ತಾ ಇದ್ದೇನೆ. ನೆವ್ರಿವರೆಗೆ ಆಗಿದೆ, ಒಂಬತ್ತು ಕಡೆ ತಿದ್ದಿಸಿದ್ದಾರೆ. ಗುಳಿಯೊ ನಾಳೆ.