ಬಾಡಿಗೆಯ ಪಾಲು: ‘ಮಿತಾಕ್ಷರ’ದ ಹಿನ್ನೆಲೆಯಲ್ಲಿ

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರನ ‘ಮಿತಾಕ್ಷರ’ವನ್ನು ನಾವು ಭೂವಿಭಜನೆಯ ಗ್ರಂಥವೆಂದೇ ಓದುವುದು ರೂಢಿ. ಆದರೆ ‘ನಿಬಂಧ’ವೆಂಬ ಪದಕ್ಕೆ ವೀಳ್ಯದೆಲೆ, ಅಡಕೆ ತೋಟಗಳಿಂದ ನಿಯತವಾಗಿ ಸಲ್ಲುವ ಉತ್ಪತ್ತಿಯನ್ನು ಉದಾಹರಿಸುವ ಆತನು, ಪಿತಾಮಹಾರ್ಜಿತವಾದ ಅದರಲ್ಲಿ ತಂದೆ ಮಕ್ಕಳಿಗೆ ಸಮಸ್ವಾಮ್ಯವನ್ನು ಹೇಳುತ್ತಾನೆ. ಪಾಲಿಗೆ ಒದಗದ ಬಾವಿಯನ್ನು ಬೆಲೆಕಟ್ಟಿ ಹಂಚದೆ ಸರದಿಯಂತೆ ಅನುಭವಿಸಬೇಕೆಂಬುದೂ ಅವನ ಮತ. ಒಡಹುಟ್ಟಿದವರಿಗೆ ಬಂದ ಬಾಡಿಗೆಮನೆಗೂ ಈ ವಿವೇಕ ಸಲ್ಲುತ್ತದೆ: ಗೋಡೆಯನ್ನು ಒಡೆಯದೆಯೂ ಫಲವನ್ನು ಹಂಚಬಹುದು, ಬಾಡಿಗೆ ವಸೂಲು ಮಾಡುವವನೊಬ್ಬನೇ ಒಡೆಯನಲ್ಲ.

ಆ ಸಮತೆಯಲ್ಲಿ ಸೋದರಿಯರಿಗೆ ಸ್ಥಾನವಿರಲಿಲ್ಲ. ಅವಿವಾಹಿತೆಗೆ ಪುತ್ರಭಾಗದ ಕಾಲಂಶ ಮಾತ್ರ. ಕರ್ನಾಟಕ, ಮಹಾರಾಷ್ಟ್ರಗಳ 1994ರ ತಿದ್ದುಪಡಿಗಳೂ ಅದಕ್ಕೆ ಮೊದಲೇ ವಿವಾಹಿತರಾದವರನ್ನು ಹೊರಗಿಟ್ಟವು. ಆ ಭೇದವನ್ನು 2005ರ ಕೇಂದ್ರ ತಿದ್ದುಪಡಿ ಅಳಿಸಿತು. ಆದುದರಿಂದ ಪಿತ್ರಾರ್ಜಿತ ಮನೆಯ ಬಾಡಿಗೆಯಲ್ಲಿ ಸೋದರಿಯ ಪಾಲನ್ನು ತವರಿನ ಉಡುಗೊರೆಯೆಂದಲ್ಲ, ಸ್ವಾಮ್ಯವೆಂದೇ ನಾವು ಗ್ರಹಿಸಬೇಕು.