ಹಕ್ಕಿ ಅಕ್ಕಿಯಾಗುವ ಮೊದಲು: ಧ್ವನಿಮುದ್ರಣದ ಗದ್ದಲದ ಕತೆ

ಕಂಪ್ಯೂಟರಿನಲ್ಲಿ ಒಂದು ಪದ್ಯವನ್ನೋ ಪಾಠವನ್ನೋ ಓದಿ ಮುದ್ರಿಸಿ, ಮತ್ತೆ ಕೇಳಿ ನೋಡಿ. ನಮ್ಮ ದನಿಯ ಹಿಂದೆ ಇನ್ನೊಂದು ಸದ್ದು ಇದ್ದೇ ಇರುತ್ತದೆ. 'ಸ್ಸ್...' ಎಂದು ಗಾಳಿ ಬೀಸಿದ ಹಾಗೆ, ಇಲ್ಲವೇ 'ಗುಂಯ್...' ಎಂದು ದುಂಬಿ ಸುತ್ತಿದ ಹಾಗೆ. ಆಗ ಎಲ್ಲರೂ ಮೊದಲು ಹುಡುಕುವುದು ಅದನ್ನು ಅಳಿಸುವ ಗುಂಡಿಯನ್ನು. ಗುಂಡಿಯೇನೋ ಇದೆ. ಆದರೆ ಅದನ್ನು ಒತ್ತಿದರೆ ಸದ್ದಿನ ಜೊತೆ ಹೋಗುವುದೇನು ಎಂಬುದು ನೂರಿಪ್ಪತ್ತು ವರ್ಷಗಳ ಹಿಂದಿನಿಂದ ಹೇಳಬೇಕಾದ ಕತೆ.

1902ರ ನವೆಂಬರಿನಲ್ಲಿ ಗ್ರಾಮೋಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದ. (ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಸ್ಥಾನ ಗಾಯಕಿಯಾಗಿದ್ದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.) ಆಗ ಮೈಕ್ ಇರಲಿಲ್ಲ, ಕರೆಂಟೂ ಬೇಕಿರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖ ಒಡ್ಡಿ ಗಟ್ಟಿಯಾಗಿ ಹಾಡಬೇಕು. ಆ ದನಿಯ ಬಲದಿಂದಲೇ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಕಹಳೆಗೆ ಸಣ್ಣ ಸದ್ದುಗಳೂ ಹೆಚ್ಚಿನ ಕಂಪನದ ಸದ್ದುಗಳೂ ಕೇಳಿಸುತ್ತಲೇ ಇರಲಿಲ್ಲ. ಸುಮಾರು 2500 ಹರ್ಟ್ಸ್ ದಾಟಿದ್ದು ಹೆಚ್ಚುಕಡಿಮೆ ನಾಪತ್ತೆ. ನಮ್ಮ 'ಸ'ಕಾರದ ಬಲವೆಲ್ಲ ಇರುವುದು 4000 ಹರ್ಟ್ಸ್‌ನಿಂದ ಮೇಲೆ! ಹಾಗಾಗಿ ಆ ಕಾಲದ ಹಾಡುಗಳಲ್ಲಿ 'ಸ' ಎಲ್ಲಿದೆ ಎಂದು ನಾವು ಊಹಿಸಿಕೊಂಡು ಕೇಳುತ್ತೇವೆ.

ಅದರ ಮೇಲೆ ಆ ತಟ್ಟೆಗಳ ಗರಗರ ಬೇರೆ. ತಟ್ಟೆಗೆ ಬಳಸುತ್ತಿದ್ದುದು ಅರಗು. ಅದರ ಜೊತೆ ಕಲ್ಲಿನ ಪುಡಿಯನ್ನೂ ಕಲಸುತ್ತಿದ್ದರು. ಉಕ್ಕಿನ ಮುಳ್ಳು ಸವೆದು ಗೆರೆಗೆ ಸರಿಯಾಗಿ ಕೂರಲಿ ಎಂದು ಬೇಕೆಂದೇ ಒರಟು ಮಾಡಿದ್ದು. ಹಾಡಿನ ಜೊತೆ ಆ ಒರಟೂ ಕೇಳುತ್ತಿತ್ತು.

1925ರಲ್ಲಿ ವಿದ್ಯುತ್ ಮುದ್ರಣ ಬಂತು. ಮೈಕಿನ ಮುಂದೆ ಮೆಲ್ಲಗೆ ಹಾಡಿದರೂ ಸಾಕಾಯಿತು. ಆದರೆ ವಿದ್ಯುತ್ತಿನ ಜೊತೆ ಅದರ ಗುಂಯ್‌ಗುಡುವಿಕೆಯೂ ಬಂತು. ನಮ್ಮಲ್ಲಿ ಕರೆಂಟು ಸೆಕೆಂಡಿಗೆ 50 ಸಲ ತಿರುಗುವುದರಿಂದ ಆ ಗುಂಯ್ 50 ಅಥವಾ 100 ಹರ್ಟ್ಸ್‌ನಲ್ಲಿ ಕೂತಿರುತ್ತದೆ. ಆಮೇಲಿನದು ಟೇಪು. ಜರ್ಮನಿಯಲ್ಲಿ 1935ರಲ್ಲಿ ಮ್ಯಾಗ್ನೆಟೋಫೋನ್ ಪ್ರದರ್ಶನಕ್ಕೆ ಬಂದಾಗ ಅದರ ಸದ್ದು ಅಷ್ಟಕ್ಕಷ್ಟೇ. 1940ರಲ್ಲಿ ಅಲ್ಲಿನ ರೇಡಿಯೋದ ಇಂಜಿನಿಯರ್ ವಾಲ್ಟರ್ ವೆಬರ್ ಪ್ರಯೋಗ ಮಾಡುತ್ತಿದ್ದಾಗ ಒಂದು ಆಂಪ್ಲಿಫೈಯರ್ ಕೆಟ್ಟು, ಕಿವಿಗೆ ಕೇಳದಷ್ಟು ಹೆಚ್ಚಿನ ಕಂಪನವನ್ನು ತಾನಾಗಿಯೇ ಹೊರಡಿಸತೊಡಗಿತಂತೆ. ನೋಡಿದರೆ ಮುದ್ರಣ ಎಂದಿಗಿಂತ ಶುಭ್ರ! ಆ ದೋಷವನ್ನೇ ವಿಧಾನ ಮಾಡಿಕೊಂಡು ಟೇಪು ಬೆಳೆಯಿತು. ಆದರೂ 'ಸ್ಸ್' ಪೂರ್ತಿ ಹೋಗಲಿಲ್ಲ.

ಅದನ್ನು ಹಿಡಿದು ಕೂರಿಸಿದವರು ರೇ ಡಾಲ್ಬಿ. ಸಿನಿಮಾ ಪೋಸ್ಟರುಗಳಲ್ಲಿ ಈ ಹೆಸರು ನೋಡದವರಿಲ್ಲ. ಆತ 1963ರಿಂದ 65ರವರೆಗೆ ಯುನೆಸ್ಕೋ ಸಲಹೆಗಾರರಾಗಿ ನಮ್ಮ ದೇಶದಲ್ಲೇ, ಚಂಡೀಗಢದಲ್ಲಿ ಇದ್ದರೆಂಬುದು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. ನಮ್ಮ ಸಂಗೀತವನ್ನು ಟೇಪಿಗೆ ಹಿಡಿಯುವಾಗ ಆ ಸದ್ದು ಅವರನ್ನು ಕಾಡಿತು. ಲಂಡನ್ನಿಗೆ ಹೋಗಿ 1965ರಲ್ಲಿ ಕಂಪೆನಿ ಕಟ್ಟಿದರು. ಅವರ ಉಪಾಯ ಬಹಳ ಸರಳ: ಮೆಲುದನಿಯ ಭಾಗಗಳನ್ನು ಟೇಪಿಗೆ ಹಾಕುವ *ಮೊದಲೇ* ಎತ್ತರಿಸಿಬಿಡುವುದು, ಕೇಳಿಸುವಾಗ ಅಷ್ಟೇ ಲೆಕ್ಕದಲ್ಲಿ ತಗ್ಗಿಸುವುದು. ದನಿ ತನ್ನ ಮೊದಲಿನ ಮಟ್ಟಕ್ಕೆ ಬರುತ್ತದೆ, ನಡುವೆ ಸೇರಿಕೊಂಡ ಟೇಪಿನ ಸದ್ದು ಅದರ ಜೊತೆ ಕೆಳಗಿಳಿಯುತ್ತದೆ. ಕ್ಯಾಸೆಟ್ಟಿಗಾಗಿ ಮಾಡಿದ 'ಡಾಲ್ಬಿ ಬಿ' ಸುಮಾರು 10 ಡೆಸಿಬೆಲ್ ತಗ್ಗಿಸುತ್ತಿತ್ತು. ಹೀಗೆ ಮುದ್ರಿಸದ ಕ್ಯಾಸೆಟ್ಟಿಗೆ ಆ ಗುಂಡಿ ಒತ್ತಿದರೆ? ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತಿತ್ತು. ಮೊದಲು ಕೆಲಸ ಮಾಡದೆ ಕೊನೆಗೆ ಮಾತ್ರ ಮಾಡಿದರೆ ಹಾಗೇ.

ಕಂಪ್ಯೂಟರಿಗೆ ಬರೋಣ. 1989ರ ಸೌಂಡ್ ಬ್ಲಾಸ್ಟರ್ ಕಾರ್ಡು, 1997ರ ಎಸಿ'97 ಮಾದರಿ - ಇಲ್ಲಿಂದ ಮುಂದೆ ಸೌಂಡ್ ಕಾರ್ಡು ಮದರ್‌ಬೋರ್ಡಿನೊಳಗೇ ಅಗ್ಗದಲ್ಲಿ ಸೇರಿಹೋಯಿತು. ಅಂಕಿಗಳ ಲೆಕ್ಕದಲ್ಲಿ 16 ಬಿಟ್ ಅಂದರೆ 96 ಡೆಸಿಬೆಲ್, ಕ್ಯಾಸೆಟ್ ಅದರ ಹತ್ತಿರವೂ ಸುಳಿಯದು. ಆದರೆ ಮೈಕಿನಿಂದ ಬರುವ ಅತಿ ಸಣ್ಣ ವಿದ್ಯುತ್ತು ಅಂಕಿಯಾಗುವ ಮೊದಲು ಫ್ಯಾನು, ಡಿಸ್ಕು, ಪ್ರೊಸೆಸರುಗಳ ನೆರೆಮನೆಯಲ್ಲೇ ಹಾದುಬರಬೇಕು. ಕೆಲವು ಹಳೆ ಕಂಪ್ಯೂಟರುಗಳಲ್ಲಿ ಮೌಸ್ ಅಲುಗಿಸಿದರೂ ಹೆಡ್‌ಫೋನಿನಲ್ಲಿ ಕೇಳುತ್ತದೆ.

ಅಳಿಸುವ ಗುಂಡಿಯ ಮೂಲ 1979ರದು. ಸ್ಟೀವನ್ ಬೋಲ್ ಎಂಬ ಸಂಶೋಧಕ ಒಂದು ದಾರಿ ತೋರಿಸಿದ: ಯಾರೂ ಮಾತಾಡದ ಕ್ಷಣವನ್ನು ನೋಡಿ, ಯಾವ ಕಂಪನದಲ್ಲಿ ಎಷ್ಟು ಸದ್ದಿದೆ ಎಂದು ಅಳೆದು, ಮಾತಿನ ಭಾಗದಿಂದ ಅಷ್ಟನ್ನು ಕಳೆಯುವುದು. 2000ದಲ್ಲಿ ಬಿಡುಗಡೆಯಾದ ಆಡಾಸಿಟಿಯಲ್ಲಿ ಇರುವುದೂ ಇದರ ದಾಯಾದಿಯೇ. ಇಲ್ಲೊಂದು ತೊಡಕಿದೆ. ಸ, ಶ, ಷ, ಹ - ಇವೆಲ್ಲ ಏನು? ಬಾಯಿಯಿಂದ ಗಾಳಿ ಉಜ್ಜಿಕೊಂಡು ಹೋಗುವ ಸದ್ದು. ಲೆಕ್ಕ ಮಾಡುವ ಯಂತ್ರಕ್ಕೆ ಫ್ಯಾನಿನ ಗಾಳಿಗೂ 'ಹ'ಕಾರದ ಗಾಳಿಗೂ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ. ಗುಂಡಿಯನ್ನು ಜೋರಾಗಿ ತಿರುಗಿಸಿದರೆ ಹಕ್ಕಿ ಅಕ್ಕಿಯಾಗುತ್ತದೆ, ಶಂಖ ಸಂಕವಾಗುತ್ತದೆ! ಮೇಲಿಂದ ನೀರೊಳಗೆ ಗುಳುಗುಳು ಮಾತಾಡಿದಂಥ ಹೊಸ ಸದ್ದೊಂದು ಬೋನಸ್ಸು.

2020ರ ಜೂನಿನಲ್ಲಿ ಕೇರಳದಲ್ಲಿ 'ಫಸ್ಟ್ ಬೆಲ್' ಪಾಠಗಳು ಟಿ.ವಿ.ಯಲ್ಲಿ ಶುರುವಾದಾಗ ಕಾಸರಗೋಡಿನ ಕನ್ನಡ ಮಾಧ್ಯಮದ ಟೀಚರುಗಳೂ ಮನೆಯಲ್ಲಿ ಕೂತು ಧ್ವನಿಪಾಠ ಮಾಡಿ ವಾಟ್ಸಾಪಿನಲ್ಲಿ ಕಳಿಸಿದರು. ನಮ್ಮ ಮಕ್ಕಳ ಮನೆಮಾತು ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿ. ಎಷ್ಟೋ ಮಕ್ಕಳಿಗೆ ಇಡೀ ದಿನದಲ್ಲಿ ಕೇಳುವ ಪುಸ್ತಕದ ಕನ್ನಡ ಆ ಹತ್ತು ನಿಮಿಷ ಮಾತ್ರ. ಅದರಲ್ಲೂ 'ಹ' ಇಲ್ಲದಿದ್ದರೆ ಆ ಮಗು ಅದನ್ನು ಎಲ್ಲಿಂದ ಕಲಿಯಬೇಕು?

ಹಾಗಾಗಿ ಡಾಲ್ಬಿಯ ಹಾಗೆ ಮೊದಲೇ ಕೆಲಸ ಮಾಡುವುದು ಲೇಸು. ಗುಂಯ್ ಕೇಳುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಹೋಯಿತೋ, ತಪ್ಪು ಅರ್ತಿಂಗಿನದು ಅಥವಾ ಚಾರ್ಜರಿನದು, ಬ್ಯಾಟರಿಯಲ್ಲೇ ಮುದ್ರಿಸಿ. ಸ್ಸ್ ಇದ್ದರೆ 'ಮೈಕ್ ಬೂಸ್ಟ್' ತಗ್ಗಿಸಿ, ಬಾಯಿ ಹತ್ತಿರ ತನ್ನಿ. ದೂರ ಅರ್ಧವಾದರೆ ದನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಗದ್ದಲ ಇದ್ದಲ್ಲೇ ಇರುತ್ತದೆ. ಮೈಕನ್ನು ತುಟಿಯ ನೇರಕ್ಕೆ ಹಿಡಿಯದೆ ಸ್ವಲ್ಪ ಓರೆಯಾಗಿಡಿ, ಇಲ್ಲದಿದ್ದರೆ 'ಪ', 'ಭ'ಗಳು ಪಟಾಕಿಯಾಗುತ್ತವೆ. ಡೆಸ್ಕ್‌ಟಾಪಿನವರು ಯುಎಸ್‌ಬಿ ಮೈಕ್ ತೆಗೆದುಕೊಂಡರೆ ಮದರ್‌ಬೋರ್ಡಿನ ನೆರೆಮನೆಯ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಫ್ಯಾನು, ಫ್ರಿಜ್ಜು ನಿಲ್ಲಿಸಿ. ಆಟಿಯ ಮಳೆಗೆ ಮಾತ್ರ ಮದ್ದಿಲ್ಲ, ನಿಲ್ಲುವ ತನಕ ಕಾಯುವುದೇ!

ಇನ್ನು ಅಳಿಸಲೇಬೇಕಾದರೆ ಪ್ರತಿ ಮಾಡಿಕೊಂಡು ಅಳಿಸಿ, ಮೂಲವನ್ನು ಮುಟ್ಟಬೇಡಿ. ಗ್ರಿಯರ್ಸನ್ನನ ಭಾಷಾ ಸರ್ವೇಕ್ಷಣೆಗಾಗಿ 1913ರಿಂದ 1929ರವರೆಗೆ ಗ್ರಾಮೋಫೋನ್ ತಟ್ಟೆಗಳಲ್ಲಿ ನಮ್ಮ ದೇಶದ ಮಾತುಗಳನ್ನು ಮುದ್ರಿಸಿದರು. ದಕ್ಷಿಣ ಕನ್ನಡ ಜಿಲ್ಲೆಯ ಜೊತೆ ನಮ್ಮ ಕಾಸರಗೋಡೂ ಸೇರಿದ್ದ ಆಗಿನ ಮದ್ರಾಸ್ ಪ್ರಾಂತದಲ್ಲೂ ಈ ಕೆಲಸ ನಡೆಯಿತು. ಚಿಕಾಗೋ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ಗ್ರಂಥಾಲಯದಲ್ಲಿ ಅವನ್ನು ಇವತ್ತು ಮನೆಯಲ್ಲಿ ಕೂತು ಕೇಳಬಹುದು. ಗರಗರ ಬೇಕಾದಷ್ಟಿದೆ. ಅದರ ನಡುವೆ, ಮನೆಬಿಟ್ಟು ಹೋಗಿ ಮರಳಿ ಬಂದ ಮಗನ ಕತೆಯನ್ನು ಒಬ್ಬೊಬ್ಬರೂ ತಮ್ಮ ತಮ್ಮ ನುಡಿಯಲ್ಲಿ ಹೇಳುತ್ತಿದ್ದಾರೆ.